ತುಟಿಗೆ ಸ್ವಲ್ಪ ಬಿಡುವು ಕೊಡಿ

ಈ ಸಲದ ಕಛೇರಿಗಳಿಗೆ ನಾವೊಂದು ಹೊಸ ಕೃತಿ ಬರೆಸಿದೆವು. ನಾವು ಅಂದರೆ ಐದು ಜನರ ಬ್ರಾಸ್ ಕ್ವಿಂಟೆಟ್, ಹಿತ್ತಾಳೆ ವಾದ್ಯ ಊದುವವರ ತಂಡ: ಎರಡು ಟ್ರಂಪೆಟ್, ಒಂದು ಹಾರ್ನ್, ಒಂದು ಟ್ರಾಂಬೋನ್, ಒಂದು ಟ್ಯೂಬಾ. ಹಾರ್ನ್ ನನ್ನದು. ಸಂಯೋಜಕರಿಗೆ ದುಡ್ಡು ಕೊಡುವುದು, ನೋಟ್ಸ್ ಬಂದ ಮೇಲೆ ಅಭ್ಯಾಸ ಮಾಡುವುದು, ವೇದಿಕೆ ಮೇಲೆ ನುಡಿಸಿಬಿಡುವುದು, ಅಷ್ಟೇ ಅಲ್ವಾ ಅಂತ ಹೊರಗಿನವರು ಕೇಳುತ್ತಾರೆ. ನಡುವೆ ಏನೇನೆಲ್ಲ ನಡೆಯುತ್ತದೆ ಅಂತ ಬರೆಯೋಣ ಅನಿಸಿತು. ಸ್ವಲ್ಪ ಉದ್ದವಾಗುತ್ತದೆ.

ಹೊಸದು ಯಾಕೆ ಬೇಕಿತ್ತು ಅನ್ನುವುದು ಮೊದಲು. ಸ್ಟ್ರಿಂಗ್ ಕ್ವಾರ್ಟೆಟ್‌ನವರಿಗೆ ಈ ತಲೆನೋವಿಲ್ಲ. ಹೈಡನ್, ಮೊಜಾರ್ಟ್, ಬೀಥೋವನ್ ಬರೆದಿಟ್ಟದ್ದನ್ನೇ ಜೀವಮಾನವಿಡೀ ನುಡಿಸಿದರೂ ಅವರಿಗೆ ಸಾಕಾಗುವಷ್ಟಿದೆ. ನಮ್ಮ ಐದು ವಾದ್ಯಗಳ ಜೋಡಣೆಗೆ ಆ ಮೂವರಲ್ಲಿ ಯಾರೂ ಒಂದು ಸಾಲೂ ಬರೆಯಲಿಲ್ಲ. ಹೇಗೆ ಬರೆದಾರು? ವಾಲ್ವ್ ಅನ್ನುವ ವಸ್ತು, ಅಂದರೆ ಬೆರಳಲ್ಲಿ ಒತ್ತಿದರೆ ಗಾಳಿಯ ದಾರಿ ಬದಲಾಗಿ ಬೇರೆ ಸ್ವರ ಕೊಡುವ ಸಾಧನ, ಬಂದದ್ದೇ 1810ರ ದಶಕದಲ್ಲಿ, ಅದು ಎಲ್ಲರ ಕೈಗೆ ಸಿಗಲು ಇನ್ನೂ ಬಹಳ ವರ್ಷ ಹಿಡಿಯಿತು. ಅದಕ್ಕೆ ಮೊದಲು ಟ್ರಂಪೆಟ್ಟಿನಲ್ಲೂ ಹಾರ್ನಿನಲ್ಲೂ ಕೊಳವೆ ತಾನಾಗಿ ಕೊಡುವ ಸ್ವರಗಳೇ ಆಧಾರ. ಹಾರ್ನಿನವರು ಕೈ ಒಳಗಿಟ್ಟು ಇನ್ನಷ್ಟು ಸ್ವರ ತೆಗೆಯುತ್ತಿದ್ದರು, ನಿಜ. ಆದರೆ ಅದಕ್ಕೊಂದು ಮಿತಿ ಇತ್ತು. ಟ್ಯೂಬಾ ಅಂತೂ ಹುಟ್ಟಿದ್ದೇ 1835ರಲ್ಲಿ, ಬರ್ಲಿನ್‌ನಲ್ಲಿ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ವಿಕ್ಟರ್ ಎವಾಲ್ಡ್ ಅನ್ನುವವರು ನಮ್ಮಂಥವರ ಪಾಲಿಗೆ ಪುಣ್ಯ ಕಟ್ಟಿಕೊಂಡರು. ವೃತ್ತಿಯಲ್ಲಿ ಅವರು ಸಿವಿಲ್ ಎಂಜಿನಿಯರಿಂಗ್ ಮೇಷ್ಟ್ರು. ಚೆಲ್ಲೋ ಕೂಡ ನುಡಿಸುತ್ತಿದ್ದರು. ಬಿಡುವಿನಲ್ಲಿ ಹಿತ್ತಾಳೆ ವಾದ್ಯಗಳ ಕ್ವಿಂಟೆಟ್ ಬರೆದರು. ಬಹಳ ಕಾಲ ಅವರದ್ದು ಒಂದೇ ಒಂದು ಕ್ವಿಂಟೆಟ್ ಅಂತ ಎಲ್ಲರೂ ತಿಳಿದಿದ್ದರು, ಉಳಿದವು ಬೆಳಕಿಗೆ ಬಂದದ್ದು ಇಪ್ಪತ್ತನೇ ಶತಮಾನದ ಎರಡನೇ ಅರ್ಧದಲ್ಲಿ. ಇವತ್ತಿನ ರೂಪದ ತಂಡಗಳು ಎದ್ದು ನಿಂತದ್ದೂ ಆ ಹೊತ್ತಿಗೇ. ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್ 1954ರಲ್ಲಿ, ಅಮೆರಿಕನ್ ಬ್ರಾಸ್ ಕ್ವಿಂಟೆಟ್ 1960ರಲ್ಲಿ, ಕೆನಡಿಯನ್ ಬ್ರಾಸ್ 1970ರಲ್ಲಿ. ಇವರೆಲ್ಲ ಸಂಯೋಜಕರ ಬೆನ್ನು ಹತ್ತಿ ಬರೆಸಿದರು, ಇಲ್ಲವೇ ಬೇರೆ ವಾದ್ಯಗಳ ಸಂಗೀತವನ್ನು ತಮಗೆ ಒಗ್ಗುವ ಹಾಗೆ ತಿರುಗಿಸಿಕೊಂಡರು. ಮಾಲ್ಕಂ ಆರ್ನಲ್ಡ್ 1961ರಲ್ಲಿ ಬರೆದ ಕ್ವಿಂಟೆಟ್ ನ್ಯೂಯಾರ್ಕ್ ತಂಡಕ್ಕಾಗಿ ಹುಟ್ಟಿದ್ದು. ಎಲಿಯಟ್ ಕಾರ್ಟರ್ ಅವರ 1974ರ ಕ್ವಿಂಟೆಟ್ ಅಮೆರಿಕನ್ ತಂಡಕ್ಕೆ. ಕೇಳದೆ ಯಾರೂ ಬರೆದುಕೊಡುವುದಿಲ್ಲ, ನಮ್ಮ ಇತಿಹಾಸವೇ ಹಾಗಿದೆ.

ನಾವೂ ಕೇಳಿದೆವು. ಒಂದೇ ತಂಡ ಪೂರ್ತಿ ಖರ್ಚು ಹೊರುವುದು ಕಷ್ಟ, ಹಾಗಾಗಿ ಬೇರೆ ಕೆಲವು ಕ್ವಿಂಟೆಟ್‌ಗಳ ಜೊತೆ ಪಾಲು ಹಾಕಿದೆವು. ಎಷ್ಟು ನಿಮಿಷದ ಕೃತಿ, ಯಾವಾಗ ಕೈಗೆ ಬರಬೇಕು, ಮೊದಲ ಪ್ರದರ್ಶನ ಯಾರದ್ದು, ಧ್ವನಿಮುದ್ರಣದ ಹಕ್ಕು ಯಾರಿಗೆ, ಎಲ್ಲ ಕಾಗದದಲ್ಲಿ ಬಂತು. ಅದರಲ್ಲಿ ಹೇಳುವಂಥದ್ದು ಏನಿಲ್ಲ. ಒಂದು ಶರತ್ತನ್ನು ಮಾತ್ರ ನಾನು ಹಟ ಹಿಡಿದು ಸೇರಿಸಿದೆ: ಕರಡು ಸಿದ್ಧವಾದಾಗ ಸಂಯೋಜಕರು ನಮ್ಮ ಜೊತೆ ಕೂತು ಕೇಳಬೇಕು, ಬದಲಾವಣೆಗೆ ಆಮೇಲೆ ಸಮಯ ಇರಬೇಕು. ಅಷ್ಟು ಹೊತ್ತಿನ ಒಪ್ಪಂದದ ಮಾತುಕತೆಯಲ್ಲಿ ಉಪಯೋಗಕ್ಕೆ ಬಂದದ್ದು ಆ ಒಂದು ಸಾಲು.

ಸಂಯೋಜಕಿ ಅದುವರೆಗೆ ಹೆಚ್ಚಾಗಿ ತಂತಿ ವಾದ್ಯಗಳಿಗೆ ಬರೆದವರು. ಅವರ ಸಂಗೀತ ನಮಗೆಲ್ಲ ಇಷ್ಟ, ಅದಕ್ಕೇ ಕೇಳಿದ್ದು. ಶುರು ಮಾಡುವ ಮುಂಚೆ ಅವರೇ ಬಂದು ಒಂದು ಮಧ್ಯಾಹ್ನ ಪೂರ್ತಿ ನಮ್ಮ ಎದುರು ಕೂತರು. ನಿಮ್ಮ ವಾದ್ಯ ಏನೇನು ಮಾಡಬಲ್ಲದು, ಎಲ್ಲ ತೋರಿಸಿ ಅಂದರು. ತೋರಿಸಿದೆವು. ಟ್ರಂಪೆಟ್ಟಿನವರು ಮ್ಯೂಟ್‌ಗಳ, ಅಂದರೆ ವಾದ್ಯದ ಬಾಯಿಗೆ ಸಿಕ್ಕಿಸಿ ದನಿ ಬದಲಿಸುವ ಬಿರಡೆಗಳ, ಸಾಲನ್ನೇ ನೆಲದ ಮೇಲೆ ಹರಡಿದರು. ಸ್ಟ್ರೇಟ್ ಮ್ಯೂಟ್ ಹಾಕಿದರೆ ದನಿ ತೆಳ್ಳಗೆ, ಚೂಪಾಗುತ್ತದೆ. ಕಪ್ ಮ್ಯೂಟ್ ಮೆತ್ತಗೆ ಮಾಡುತ್ತದೆ. ಹಾರ್ಮನ್ ಮ್ಯೂಟ್ ಹಾಕಿದರೆ ದೂರದ ರೇಡಿಯೋದಿಂದ ಬಂದ ಹಾಗೆ ಗುಂಯ್‌ಗುಡುತ್ತದೆ. ನಾನು ಹಾರ್ನಿನ ಬಾಯೊಳಗೆ ಕೈ ಪೂರ್ತಿ ಒತ್ತಿ ಮುಚ್ಚಿ ನುಡಿಸಿದೆ. ಹಾಗೆ ಮುಚ್ಚಿದರೆ ಸ್ವರ ಅರ್ಧ ಮೆಟ್ಟಿಲು ಏರಿ ಕೇಳುತ್ತದೆ, ಅದನ್ನು ಸರಿತೂಗಿಸಲು ಅರ್ಧ ಮೆಟ್ಟಿಲು ಕೆಳಗಿನ ಬೆರಳು ಹಿಡಿಯಬೇಕು. ದನಿಗೆ ಲೋಹದ ಝಣಝಣ ಬರುತ್ತದೆ. ಅವರಿಗೆ ಅದು ಬಹಳ ಹಿಡಿಸಿತು. ಟ್ರಾಂಬೋನಿನ ಜಾರುವ ಸ್ವರಗಳೂ ಹಿಡಿಸಿದವು. ಪುಸ್ತಕದ ತುಂಬ ಬರೆದುಕೊಂಡು ಹೋದರು.

ಕೆಲವು ತಿಂಗಳ ಮೇಲೆ ಕರಡು ಬಂತು, ಜೊತೆಗೆ ಕಂಪ್ಯೂಟರ್ ನುಡಿಸಿದ ಆಡಿಯೋ. ಕೇಳಿ ಖುಷಿಯೋ ಖುಷಿ. ಏಳು ಮಾತ್ರೆಯ ಓಡುವ ಲಯ, ಅದರ ಮೇಲೆ ಮೊದಲ ಟ್ರಂಪೆಟ್‌ನ ಉದ್ದನೆಯ ರಾಗ, ಕೆಳಗೆ ಟ್ಯೂಬಾದ ಬಿಡದ ಆಧಾರ ಸ್ವರ. ಇದನ್ನೇ ನುಡಿಸಬೇಕು ಅಂತ ಎಲ್ಲರೂ ಕುಣಿದಾಡಿದೆವು.

ಆಮೇಲೆ ವಾದ್ಯ ಕೈಗೆತ್ತಿಕೊಂಡೆವು. ಮೂರನೇ ಪುಟ ಮುಗಿಯುವ ಹೊತ್ತಿಗೆ ಮೊದಲ ಟ್ರಂಪೆಟ್‌ನವರ ಮುಖ ಕೆಂಪಾಗಿತ್ತು. ಐದನೇ ಪುಟದಲ್ಲಿ ಅವರು ವಾದ್ಯ ಕೆಳಗಿಟ್ಟು, ಇದು ನನ್ನಿಂದ ಆಗಲ್ಲ ಅಂದರು. ಒಳ್ಳೆಯ ವಾದಕರು ಅವರು. ಯಾವ ಸ್ವರವೂ ಅವರ ಕೈಗೆ ಮೀರಿದ್ದಾಗಿರಲಿಲ್ಲ. ಸ್ವರಗಳ ನಡುವೆ ಜಾಗವೇ ಇರಲಿಲ್ಲ, ಅದೇ ತೊಂದರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಹಿತ್ತಾಳೆ ವಾದ್ಯ ಊದದವರಿಗೆ ಇದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ನಮ್ಮ ವಾದ್ಯದಲ್ಲಿ ತಂತಿಯಿಲ್ಲ, ರೀಡ್ ಇಲ್ಲ. ಕಂಪಿಸುವುದು ನಮ್ಮ ತುಟಿಯೇ. ಮೌತ್‌ಪೀಸಿನ ಅಂಚು ಆ ತುಟಿಯ ಮೇಲೆ ಕೂತಿರುತ್ತದೆ, ಸ್ವರ ಮೇಲೇರಿದಷ್ಟೂ, ದನಿ ಜೋರಾದಷ್ಟೂ ಒತ್ತಡ ಜಾಸ್ತಿ. ಬಿಡುವಿಲ್ಲದೆ ಊದಿದರೆ ತುಟಿಯ ಸ್ನಾಯು ದಣಿಯುತ್ತದೆ, ತುಟಿ ದಪ್ಪಗಾಗುತ್ತದೆ, ಮೊದಲು ಮೇಲಿನ ಸ್ವರಗಳು ಹೋಗುತ್ತವೆ, ಆಮೇಲೆ ಮೆತ್ತನೆಯ ಸ್ವರಗಳು. ವಾದ್ಯವನ್ನು ಕೆಲವೇ ಸೆಕೆಂಡು ತುಟಿಯಿಂದ ಇಳಿಸಿದರೂ ರಕ್ತ ಓಡುತ್ತದೆ, ಜೀವ ಬರುತ್ತದೆ. ಆರ್ಕೆಸ್ಟ್ರಾದಲ್ಲಿ ನಮಗೆ ಬೇಕಾದಷ್ಟು ವಿಶ್ರಾಂತಿ. ಪಿಟೀಲುಗಳು ಪುಟಗಟ್ಟಲೆ ಓಡುತ್ತಿರುವಾಗ ನಾವು ಸುಮ್ನೆ ಬಾರ್, ಅಂದರೆ ತಾಳದ ಸುತ್ತು, ಎಣಿಸುತ್ತಾ ಕೂತಿರುತ್ತೇವೆ. ಕ್ವಿಂಟೆಟ್‌ನಲ್ಲಿ ಅಡಗಿಕೊಳ್ಳಲು ಯಾರ ಬೆನ್ನೂ ಇಲ್ಲ. ರಾಗವೂ ನಮ್ಮದೇ, ಜೊತೆಯ ಸ್ವರವೂ ನಮ್ಮದೇ, ತಾಳವೂ ನಮ್ಮದೇ. ಕಂಪ್ಯೂಟರಿಗೆ ತುಟಿಯೂ ಇಲ್ಲ, ಶ್ವಾಸಕೋಶವೂ ಇಲ್ಲ. ಹಾಗಾಗಿ ಆ ಆಡಿಯೋ ಅಷ್ಟು ಚೆಂದ ಕೇಳಿಸಿತ್ತು.

ಟ್ಯೂಬಾದ್ದು ಇನ್ನೊಂದು ಕಥೆ. ತೀರಾ ಕೆಳಗಿನ ಸ್ವರವನ್ನು ಜೋರಾಗಿ ಹಿಡಿದರೆ ಎದೆಯಲ್ಲಿದ್ದ ಗಾಳಿ ಕೆಲವೇ ಸೆಕೆಂಡಿನಲ್ಲಿ ಖಾಲಿ. ಸ್ಕೋರಿನಲ್ಲಿ, ಅಂದರೆ ಐವರ ಸ್ವರಗಳನ್ನೂ ಒಟ್ಟಿಗೆ ಬರೆದ ಪ್ರತಿಯಲ್ಲಿ, ಒಂದೇ ಸ್ವರ ಹನ್ನೆರಡು ಬಾರ್ ಎಳೆದುಕೊಂಡು ಹೋಗಿತ್ತು, ಮೇಲೆ ಬಿಡದೆ ಹಿಡಿಯಿರಿ ಅನ್ನುವ ಒಂದು ಚಂದದ ಟೈ ಗೆರೆ ಬೇರೆ. ನಮ್ಮ ಟ್ಯೂಬಾದವರು ಸಂಯೋಜಕಿಯನ್ನು ನೋಡಿ, "ಮೇಡಂ, ನಾನು ಎಲ್ಲಿ ಉಸಿರು ತಗೊಳ್ಳಲಿ, ಅದನ್ನೂ ಬರೆದುಕೊಡಿ" ಅಂದರು. ನಗುತ್ತಲೇ ಅಂದದ್ದು. ಆದರೂ ಸಂಯೋಜಕಿಯ ಮುಖ ಸ್ವಲ್ಪ ಸಪ್ಪಗಾಯಿತು.

ಮೊದಮೊದಲು ಅವರು ಬಿಟ್ಟುಕೊಡಲಿಲ್ಲ. ಆ ಉದ್ದನೆಯ ರಾಗ ಮುರಿದರೆ ಕೃತಿಯೇ ಮುರಿಯುತ್ತದೆ ಅನ್ನುವುದು ಅವರ ವಾದ. ನನಗೂ ಅದು ಸರಿ ಅನಿಸಿತು. ಸುಲಭ ಮಾಡಿಕೊಡಿ ಅಂತ ಕೇಳುವ ವಾದಕರ ಮೇಲೆ ನನಗೆ ಅಷ್ಟೇನೂ ಗೌರವ ಇಲ್ಲ. ಕೊನೆಗೆ ದಾರಿ ಹೊಳೆದದ್ದು ಎರಡನೇ ಟ್ರಂಪೆಟ್‌ನವರಿಗೆ. ರಾಗವನ್ನು ಇಬ್ಬರೂ ಹಂಚಿಕೊಳ್ಳೋಣ, ಒಬ್ಬರು ಬಿಡುವ ಸ್ವರದ ಮೇಲೆಯೇ ಇನ್ನೊಬ್ಬರು ಹತ್ತೋಣ, ಕೇಳುವವರಿಗೆ ಒಂದೇ ಗೆರೆ ಅಂದರು. ಮಾಡಿ ನೋಡಿದೆವು. ಇಬ್ಬರೂ ವೇದಿಕೆಯ ಎರಡು ತುದಿಯಲ್ಲಿ ಎದುರುಬದುರು ಕೂರುವುದರಿಂದ ರಾಗ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಡೆದಾಡತೊಡಗಿತು. ಸಂಯೋಜಕಿ ಕುರ್ಚಿಯಿಂದ ಎದ್ದು ಬಂದು ಮಧ್ಯದಲ್ಲಿ ನಿಂತು ಕೇಳಿದರು. ಇದನ್ನು ನಾನು ಮೊದಲೇ ಬರೆಯಬೇಕಿತ್ತು ಅಂದರು. ಟ್ಯೂಬಾದ ಸ್ವರಕ್ಕೂ ಅದೇ ಉಪಾಯ: ಟ್ರಾಂಬೋನ್ ಒಂದು ಮಾತ್ರೆ ಮೊದಲೇ ಮೆಲ್ಲಗೆ ಸೇರಿಕೊಂಡು ಹಿಡಿದುಕೊಳ್ಳುವುದು, ಟ್ಯೂಬಾ ಉಸಿರು ತುಂಬಿಕೊಂಡು ಮರಳಿ ಬರುವುದು.

ನನ್ನ ಪಾಲಿಗೆ ತೊಂದರೆ ಉಲ್ಟಾ. ನನಗೆ ಬಿಡುವು ವಿಪರೀತ ಕೊಟ್ಟಿದ್ದರು. ಬಹಳ ಹೊತ್ತು ಸುಮ್ಮನೆ ಕೂತು, ತುಟಿ ತಣ್ಣಗಾದ ಮೇಲೆ, ತಾರ ಸ್ಥಾಯಿಯಲ್ಲಿ ಪಿಸುಮಾತಿನಷ್ಟು ಮೆತ್ತಗೆ ಪ್ರವೇಶ. ಹಾರ್ನ್ ಊದುವ ಯಾರನ್ನಾದರೂ ಕೇಳಿ, ಇದಕ್ಕಿಂತ ಭಯದ್ದು ಇನ್ನೊಂದಿಲ್ಲ. ಎಫ್ ಹಾರ್ನಿನ ಕೊಳವೆ ಬಿಚ್ಚಿದರೆ ಸುಮಾರು 3.7 ಮೀಟರ್ ಉದ್ದ. ಅಷ್ಟು ಉದ್ದದ ಕೊಳವೆಯಲ್ಲಿ ಮೇಲೆ ಹೋದಷ್ಟೂ ಸ್ವರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ತುಟಿ ಕೂದಲೆಳೆಯಷ್ಟು ತಪ್ಪಿದರೆ ಪಕ್ಕದ ಸ್ವರ ಬಾಯಿಬಿಡುತ್ತದೆ. ಆ ಪ್ರವೇಶಕ್ಕೆ ನಾಲ್ಕು ಬಾರ್ ಮುಂಚೆ ಎರಡನೇ ಟ್ರಂಪೆಟ್‌ನ ನೆರಳಿನಲ್ಲಿ ಒಂದೆರಡು ಕೆಳಗಿನ ಸ್ವರ ಹಾಕಿಕೊಡಿ ಅಂತ ಕೇಳಿಕೊಂಡೆ. ಹಾಕಿದರು. ಕೇಳುವವರ ಗಮನಕ್ಕೆ ಅವು ಬರುವುದೇ ಇಲ್ಲ, ನನಗೆ ಮಾತ್ರ ಬಹಳ ದೊಡ್ಡ ಉಪಕಾರ.

ಇನ್ನು ಮ್ಯೂಟ್. ಸ್ಕೋರಿನಲ್ಲಿ ಒಂದು ಪದ ಬರೆದರೆ ಮ್ಯೂಟ್ ಬಂತು, ಇನ್ನೊಂದು ಪದ ಬರೆದರೆ ಹೋಯಿತು. ನಿಜದಲ್ಲಿ ಅದನ್ನು ನೆಲದಿಂದ ಎತ್ತಬೇಕು, ಸದ್ದಾಗದ ಹಾಗೆ ವಾದ್ಯದ ಬಾಯಿಗೆ ತಿರುಪಬೇಕು, ಅಷ್ಟರಲ್ಲಿ ವಾದ್ಯ ತುಟಿಗೆ ಬರಬೇಕು. ಟ್ಯೂಬಾದ ಮ್ಯೂಟ್ ಅಂದರೆ ಮಡಿಲಲ್ಲಿ ಹಿಡಿಸದಷ್ಟು ದೊಡ್ಡದು. ಅದನ್ನು ಏರಿಸಿ ಇಳಿಸುವುದನ್ನು ನೋಡುವುದೇ ಒಂದು ಪ್ರತ್ಯೇಕ ಪ್ರದರ್ಶನ. ಮೊದಲ ಕರಡಿನಲ್ಲಿ ಟ್ರಂಪೆಟ್ಟಿಗೆ ಸ್ಟ್ರೇಟ್‌ನಿಂದ ಹಾರ್ಮನ್‌ಗೆ ಹೋಗಲು ವೇಗದ ಲಯದಲ್ಲಿ ಒಂದೇ ಬಾರ್ ಇತ್ತು. ಆಗದ ಮಾತು. ನಾವು ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟುಕೊಂಡು ಒಂದೊಂದು ಬದಲಾವಣೆಗೂ ಎಷ್ಟು ಹೊತ್ತು ಬೇಕು ಅಂತ ಅಳೆದು ಅವರಿಗೆ ಕೊಟ್ಟೆವು. ಅಲ್ಲದೆ ಮ್ಯೂಟ್ ಹಾಕಿದರೆ ಶ್ರುತಿಯೂ ಸ್ವಲ್ಪ ಏರುತ್ತದೆ. ಅದಕ್ಕೆ ಸ್ಲೈಡ್, ಅಂದರೆ ಶ್ರುತಿ ಹೊಂದಿಸುವ ಜಾರುಕೊಳವೆ, ಎಳೆಯಲು ಮತ್ತೊಂದು ಕೈ ಬೇಕು. ಇರುವುದು ಎರಡೇ.

ಶ್ರುತಿಯ ಮಾತು ಬಂತಲ್ಲ, ರಿಹರ್ಸಲ್ಲಿನ ಅರ್ಧ ಹೊತ್ತು ಅದರಲ್ಲೇ ಹೋಯಿತು. ಕೃತಿಯ ಕೊನೆಗೆ ಐದೂ ಜನ ಮೆತ್ತಗೆ ಹಿಡಿಯುವ ಒಂದು ಮೇಜರ್ ಸ್ವರಮೇಳ ಇದೆ. ಕೆಳಗೆ ಟ್ಯೂಬಾದಲ್ಲಿ ಷಡ್ಜ, ಟ್ರಾಂಬೋನಿನಲ್ಲಿ ಪಂಚಮ, ನನ್ನದು ಗಾಂಧಾರ. ಪಿಯಾನೋದ ಗಾಂಧಾರಕ್ಕೆ ನಾನು ಸರಿಯಾಗಿ ನಿಂತರೆ ಆ ಮೇಳದಲ್ಲಿ ಅದು ಏರಿ ಕೇಳುತ್ತದೆ. ಸುಮಾರು 14 ಸೆಂಟ್ ಇಳಿಸಬೇಕು. ನೂರು ಸೆಂಟ್ ಅಂದರೆ ಅರ್ಧ ಮೆಟ್ಟಿಲು, ಅದರಲ್ಲಿ ಹದಿನಾಲ್ಕು. ಟ್ಯೂನರ್ ಮುಳ್ಳು ಕೆಳಗೆ ತೋರಿಸುತ್ತದೆ, ಕಿವಿ ಮಾತ್ರ ಆಹಾ ಅನ್ನುತ್ತದೆ. ಸರಿಯಾಗಿ ಕೂತ ಕ್ಷಣಕ್ಕೆ ಅಲುಗಾಟ ನಿಂತು ಮೇಳಕ್ಕೆ ಎರಡು ಪಟ್ಟು ದನಿ ಬಂದ ಹಾಗೆ ಆಗುತ್ತದೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಿಲ್ಲ. ಒಬ್ಬರು ಆಧಾರ ಹಿಡಿಯುವುದು, ಉಳಿದವರು ಒಬ್ಬೊಬ್ಬರಾಗಿ ಸೇರುವುದು, ಹೀಗೆ ಆ ಒಂದು ಮೇಳವನ್ನೇ ದಿನಾ ಕಟ್ಟಿದೆವು.

ಲಯದ ವಿಷಯದಲ್ಲಿ ಜಗಳವೂ ಆಯಿತು. ನಮಗೆ ಕಂಡಕ್ಟರ್ ಇಲ್ಲ. ಶುರು ಮಾಡುವುದು, ನಿಲ್ಲಿಸುವುದು ಎಲ್ಲ ಉಸಿರಿನಿಂದಲೇ, ಮೊದಲ ಟ್ರಂಪೆಟ್ ಯಾವ ವೇಗದಲ್ಲಿ ಉಸಿರು ಒಳಗೆಳೆಯುತ್ತಾರೋ ಅದೇ ಲಯ. ಆದರೆ ನನ್ನ ವಾದ್ಯದ ಬಾಯಿ ಹಿಂದಕ್ಕೆ ತಿರುಗಿದೆ. ಉಳಿದವರ ಸದ್ದು ಮುಂದೆ ಹೋಗುತ್ತದೆ, ನನ್ನದು ಹಿಂದಿನ ಗೋಡೆಗೆ ಬಡಿದು ಬರುತ್ತದೆ. ನಾನು ನಿಖರವಾಗಿ ನುಡಿಸಿದರೂ ಸಭೆಗೆ ತಡವಾಗಿ ಕೇಳುತ್ತದೆ. ಹಾಗಾಗಿ ಒಂದು ಚೂರು ಮುಂದೆಯೇ ಇರಬೇಕು. ಎಷ್ಟು ಮುಂದೆ ಅನ್ನುವುದು ಆ ಹಾಲ್ ಹೇಳಬೇಕು. ಟ್ರಾಂಬೋನಿನವರು ನೀವು ಓಡ್ತಿದ್ದೀರಿ ಅಂದರು, ನಾನು ಇಲ್ಲ ಅಂದೆ. ಹಾಲ್‌ನ ಕೊನೆಯ ಸಾಲಿನಲ್ಲಿ ರೆಕಾರ್ಡರ್ ಇಟ್ಟು ಕೇಳಿದ ಮೇಲೆ ಇಬ್ಬರೂ ಸುಮ್ಮನಾದೆವು. ಆಮೇಲೆ ಪ್ರತಿ ರಿಹರ್ಸಲ್ಲಿಗೂ ಅದೇ ಪದ್ಧತಿ. ವಾದ ಮಾಡುವುದಕ್ಕಿಂತ ಕೇಳುವುದು ಬೇಗ ಮುಗಿಯುತ್ತದೆ.

ಕಛೇರಿಯಲ್ಲಿ ಇದನ್ನು ಎಲ್ಲಿ ಇಡುವುದು ಅನ್ನುವುದು ಅಷ್ಟೇ ದೊಡ್ಡ ಪ್ರಶ್ನೆಯಾಯಿತು. ಹೊಸ ಕೃತಿಯನ್ನು ಕೊನೆಗಿಡಿ, ಅದೇ ತಾನೇ ವಿಶೇಷ ಅಂತ ಆಯೋಜಕರು. ಕೊನೆಗೆ ಇಟ್ಟರೆ ಆ ಮೆತ್ತನೆಯ ಸ್ವರಮೇಳಕ್ಕೆ ನಮ್ಮ ಯಾರ ತುಟಿಯೂ ಬಾಕಿ ಇರುವುದಿಲ್ಲ. ಹಾಗಾಗಿ ಕ್ರಮ ಹೀಗಿಟ್ಟೆವು: ಮೊದಲು ಗೇಬ್ರಿಯೆಲಿಯ ಒಂದು ಕಾನ್ಜೋನಾ, ವಾದ್ಯಗಳಿಗೆ ಬರೆದ ಹಳೆಯ ಕಾಲದ ಕೃತಿ. ವೆನಿಸ್‌ನ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಇದ್ದವರು ಅವರು, ಅವರ ಕಾನ್ಜೋನಾಗಳಲ್ಲಿ ಒಂದು ಗುಂಪು ಕೇಳಿದರೆ ಇನ್ನೊಂದು ಉತ್ತರ ಕೊಡುತ್ತದೆ. ಇದರಿಂದ ನಮಗೆ ಬಿಸಿಯೂ ಆಗುತ್ತದೆ, ಹಾಲ್‌ನ ಸದ್ದೂ ತಿಳಿಯುತ್ತದೆ. ಆಮೇಲೆ ಎವಾಲ್ಡ್. ಎವಾಲ್ಡ್ ಆದ ಮೇಲೆ ಹೊಸ ಕೃತಿ, ಅದರ ಬೆನ್ನಿಗೇ ವಿರಾಮ. ವಿರಾಮದ ನಂತರ ಆರ್ನಲ್ಡ್, ಕೊನೆಗೆ ಹಗುರವಾದ ಕೆಲವು ತುಣುಕು. ಟ್ರಂಪೆಟ್ಟಿನವರಿಬ್ಬರು ಮೊದಲ ಪಾರ್ಟನ್ನು ಕೃತಿಯಿಂದ ಕೃತಿಗೆ ಅದಲುಬದಲು ಮಾಡಿಕೊಂಡರು. ಎವಾಲ್ಡ್‌ನಲ್ಲಿ ಮೊದಲನೆಯವರಾಗಿದ್ದವರು ಹೊಸದರಲ್ಲಿ ಎರಡನೆಯವರು. ಅಂದಹಾಗೆ, ಬ್ರಾಸ್ ಕ್ವಿಂಟೆಟ್‌ನವರು ಹಾಡುಗಳ ನಡುವೆ ಎದ್ದು ನಿಂತು ಸಭೆಯ ಜೊತೆ ಅಷ್ಟೊಂದು ಮಾತಾಡುತ್ತಾರಲ್ಲ, ತಮಾಷೆ ಮಾಡುತ್ತಾರಲ್ಲ, ಅದೆಲ್ಲ ಬರೀ ಸ್ನೇಹ ಅಂದುಕೊಳ್ಳಬೇಡಿ. ಒಬ್ಬರು ಮಾತಾಡುವಾಗ ನಾಲ್ಕು ತುಟಿಗಳು ಸುಧಾರಿಸಿಕೊಳ್ಳುತ್ತಿರುತ್ತವೆ. ಮಾತು ಸಾಮಾನ್ಯವಾಗಿ ಟ್ಯೂಬಾದವರ ಪಾಲಿಗೆ. ಮೊದಲ ಟ್ರಂಪೆಟ್‌ನವರಿಗೆ ಮೈಕ್ ಕೊಡುವುದೇ ಇಲ್ಲ.

ಮೊದಲ ಪ್ರದರ್ಶನದ ದಿನ ವೇದಿಕೆಯ ಹಿಂದಿನ ಕೋಣೆ ಕೊರೆಯುವಷ್ಟು ತಣ್ಣಗಿತ್ತು. ತಣ್ಣಗಿನ ಕೊಳವೆಯಲ್ಲಿ ಶ್ರುತಿ ಇಳಿಯುತ್ತದೆ, ದೀಪದ ಕೆಳಗೆ ಕೂತು ಊದುತ್ತಾ ಹೋದಂತೆ ಏರುತ್ತದೆ. ಗೇಬ್ರಿಯೆಲಿ ಮುಗಿಯುವಷ್ಟರಲ್ಲಿ ಎಲ್ಲರೂ ಸ್ಲೈಡ್ ಎಳೆದುಕೊಂಡೆವು. ಹೊಸ ಕೃತಿ ಚೆನ್ನಾಗಿಯೇ ಹೋಯಿತು. ರಾಗ ಎಡಕ್ಕೂ ಬಲಕ್ಕೂ ನಡೆದಾಗ ಮುಂದಿನ ಸಾಲಿನ ತಲೆಗಳೂ ಜೊತೆಗೇ ತಿರುಗುವುದು ನನಗೆ ಕಂಡಿತು. ನನ್ನ ಆ ಮೆತ್ತನೆಯ ಪ್ರವೇಶ ಬಂತು. ಕೊನೆಯ ಮೇಳವೂ ಕೂತಿತು, ಆದರೆ ಸಂಯೋಜಕಿ ಬರೆದದ್ದಕ್ಕಿಂತ ಬೇಗ ಬಿಟ್ಟೆವು, ಹಾಲ್ ತಾನಾಗಿಯೇ ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿತ್ತು.

ನಿಜ ಹೇಳಬೇಕೆಂದರೆ ಮೊದಲ ಪ್ರದರ್ಶನಕ್ಕಿಂತ ಎರಡನೆಯದೇ ಮುಖ್ಯ ಅಂತ ನನ್ನ ಲೆಕ್ಕ. ಮೊದಲನೆಯದಕ್ಕೆ ಎಲ್ಲರೂ ಬರುತ್ತಾರೆ, ಹೂಗುಚ್ಛ ಇರುತ್ತದೆ, ಫೋಟೋ ಇರುತ್ತದೆ. ಎಷ್ಟೋ ಕೃತಿಗಳು ಅಲ್ಲಿಗೇ ಕಪಾಟು ಸೇರುತ್ತವೆ. ಪಾಲು ಹಾಕಿ ಬರೆಸಿದರೆ ಹಾಗಾಗಲು ಬಿಡುವುದಿಲ್ಲ, ಉಳಿದ ತಂಡಗಳೂ ನುಡಿಸಲೇಬೇಕಲ್ಲ. ನಮ್ಮ ಎರಡನೇ ಕಛೇರಿ ಸದ್ದು ಹೀರಿಕೊಳ್ಳುವ, ಕಾರ್ಪೆಟ್ ಹಾಸಿದ ಹಾಲ್‌ನಲ್ಲಿ. ಅಲ್ಲಿ ರಾಗ ಹಂಚಿಕೊಂಡ ಜಾಗಗಳೆಲ್ಲ ಹೊಲಿಗೆಯ ಗುರುತಿನ ಹಾಗೆ ಎದ್ದು ಕಂಡವು. ಹತ್ತುವವರು ಇನ್ನೂ ಮೆತ್ತಗೆ ಹತ್ತಬೇಕು, ಬಿಡುವವರು ಬಿಡುವ ಮುಂಚೆ ಸ್ವರವನ್ನು ತೆಳ್ಳಗೆ ಮಾಡಬೇಕು. ಸಂಯೋಜಕಿ ಅಷ್ಟಕ್ಕೂ ಗುರುತು ಹಾಕಿ ಪಾರ್ಟ್‌ಗಳನ್ನು ಮತ್ತೆ ಕಳಿಸಿದರು.

ಈಗ ಜೊತೆಗಿದ್ದ ಬೇರೆ ತಂಡಗಳಿಂದ ಪ್ರಶ್ನೆಗಳು ಬರಲು ಶುರುವಾಗಿವೆ. ಒಂದು ತಂಡದಲ್ಲಿ ಟ್ಯೂಬಾ ಇಲ್ಲ, ಅಮೆರಿಕನ್ ಬ್ರಾಸ್ ಕ್ವಿಂಟೆಟ್‌ನವರ ಹಾಗೆ ಬಾಸ್ ಟ್ರಾಂಬೋನ್. ಆ ಹನ್ನೆರಡು ಬಾರಿನ ಆಧಾರ ಸ್ವರ ಅವರಲ್ಲಿ ಬೇರೆ ಬಣ್ಣಕ್ಕೆ ತಿರುಗುತ್ತದಂತೆ, ಒಂದು ಸ್ಥಾಯಿ ಮೇಲೆ ಹಿಡಿಯಬಹುದೇ ಅಂತ ಕೇಳಿದ್ದಾರೆ. ಸಂಯೋಜಕಿ ಅದೇ ಸಾಲಿನ ಮೇಲೆ ಸಣ್ಣ ಅಕ್ಷರದಲ್ಲಿ ಇನ್ನೊಂದು ದಾರಿಯನ್ನೂ ಬರೆದು ಸೇರಿಸಿದ್ದಾರೆ. ನಾವು ನಿಧಾನ ಗತಿಯ ಒಂದು ಎರಡನೇ ಭಾಗ ಕೇಳಿದ್ದೇವೆ, ಟ್ರಂಪೆಟ್ಟಿನವರಿಬ್ಬರೂ ಅದಕ್ಕಿಂತ ಮೆತ್ತನೆ ದನಿಯ ಫ್ಲೂಗಲ್‌ಹಾರ್ನ್ ಹಿಡಿಯುವಂಥದ್ದು. ಕರಡು ಬರುವಾಗ ಕಂಪ್ಯೂಟರ್ ಆಡಿಯೋ ಬೇಡ, ಬರೀ ಸ್ಕೋರ್ ಕಳಿಸಿ ಅಂತ ಈ ಸಲ ಮೊದಲೇ ಹೇಳಿದ್ದೇವೆ. ಅವರೂ ಒಪ್ಪಿದ್ದಾರೆ.